ಜಠರ ಎದೆಗೇರಿದ ಮೇಲೆ

ಅನ್ನನಾಳ ನಡುವೆ ತುಂಡಾಗಿ ಹುಟ್ಟುವ ಕೂಸು ಮೂರು-ನಾಲ್ಕು ಸಾವಿರಕ್ಕೊಂದು. 1941ರಲ್ಲಿ ಅಮೆರಿಕದ ಕ್ಯಾಮರೂನ್ ಹೇಟ್ ಆ ಎರಡು ತುದಿಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸಿ ಮಗುವನ್ನು ಉಳಿಸಿದರು. ಹೆಚ್ಚಿನ ಮಕ್ಕಳಿಗೆ ಇಂದಿಗೂ ಅಷ್ಟೇ ಸಾಕು. ತುದಿಗಳು ತೀರಾ ದೂರವಿದ್ದರೆ, ಅಥವಾ ಮಗು ಆಸಿಡ್ ಕುಡಿದು ನಾಳ ಸುಟ್ಟು ಮುಚ್ಚಿಕೊಂಡರೆ, ಬದಲಿ ನಾಳ ಬೇಕಾಗುತ್ತದೆ. ಆಗ ಜಠರವನ್ನೇ ಎದೆಯೊಳಗಿಂದ ಕುತ್ತಿಗೆಯವರೆಗೆ ಎಳೆದು ಕೂಡಿಸುತ್ತಾರೆ, ಇಲ್ಲವೇ ದೊಡ್ಡ ಕರುಳಿನ ತುಂಡನ್ನು ಕೂರಿಸುತ್ತಾರೆ.

ಇಂಥ ಶಸ್ತ್ರಚಿಕಿತ್ಸೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳಿಗೆ ಹುಬ್ಬಳ್ಳಿ ಅಥವಾ ಬೆಂಗಳೂರಿನ ಮಾತು. ಮುಂದಿನದೆಲ್ಲ ಮನೆಯ ಗಂಗಾಳದ ಮುಂದೆ ನಡೆಯುವಂಥದ್ದು. ಬದಲಿ ನಾಳಕ್ಕೆ ತುತ್ತನ್ನು ಹಿಂಡಿ ಇಳಿಸುವ ಶಕ್ತಿ ಕಡಿಮೆ. ಅನ್ನ ಬಹುತೇಕ ತನ್ನ ಭಾರಕ್ಕೇ ಇಳಿಯಬೇಕು. ಹಾಗಾಗಿ ಮಗು ನೆಟ್ಟಗೆ ಕುಳಿತು, ಚೆನ್ನಾಗಿ ಅಗಿದು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು. ಮನೆಯವರು ಹೆದರುವುದು ಖಾರಕ್ಕೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣವೇ ಹೆಚ್ಚು. ಎದೆ ಉರಿಯದಷ್ಟು ಹಾಕಿದರೆ ಅಡ್ಡಿಯಿಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳುವುದು ಖಡಕ್ ರೊಟ್ಟಿಯ ಚೂರು. ಅದನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡಿ. ಶಾಲೆಯ ಬಿಸಿಯೂಟದಲ್ಲಿ ಅವಸರ ಮಾಡಬೇಡಿರೆಂದು ಮೇಷ್ಟ್ರಿಗೂ ಹೇಳಿಡಿ.

ಹಬ್ಬದ ದಿನ ಹೋಳಿಗೆ ತಿಂದ ಸ್ವಲ್ಪ ಹೊತ್ತಿಗೇ ಮಗು ಬೆವತು, ಎದೆ ಹೊಡೆದುಕೊಂಡು, ತಲೆ ತಿರುಗಿ ಕೂತರೆ ದೃಷ್ಟಿ ತೆಗೆಯಲು ಓಡಬೇಡಿ. ಸಿಹಿ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿದಿರುತ್ತದೆ. ರಾತ್ರಿ ಉಂಡ ಕೂಡಲೇ ಮಲಗಿದರೆ ಉಂಡದ್ದು ಮೇಲೇರಿ ಶ್ವಾಸಕೋಶ ಸೇರಬಹುದು. ಪದೇ ಪದೇ ಬರುವ ರಾತ್ರಿ ಕೆಮ್ಮಿಗೆ ಇದೂ ಕಾರಣ. ಊಟಕ್ಕೂ ನಿದ್ದೆಗೂ ಎರಡು-ಮೂರು ತಾಸಿನ ಅಂತರವಿರಲಿ, ತಲೆಯ ಕಡೆ ಮಂಚ ಎತ್ತರವಿರಲಿ.

ಇಷ್ಟೆಲ್ಲ ಇದ್ದರೂ ಬೆಳೆದು ದೊಡ್ಡವರಾದ ಇಂಥವರಲ್ಲಿ ಬಹಳಷ್ಟು ಜನ ಓದಿ, ದುಡಿದು, ಸಂಸಾರ ಮಾಡಿಕೊಂಡಿದ್ದಾರೆ. ಕೇಳಿದರೆ 'ಆರಾಮ ಇದ್ದೀನ್ರಿ' ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ವೈದ್ಯರು ಅಷ್ಟಕ್ಕೇ ಬಿಡಬಾರದು. ಬೇರೆಯವರ ಗಂಟಲು ಹೇಗಿರುತ್ತದೆಂದು ಹೀಗೆ ಬೆಳೆದವರಿಗೆ ಗೊತ್ತಿರುವುದಿಲ್ಲ. ಊಟಕ್ಕೆ ಎಷ್ಟು ಹೊತ್ತು ಬೇಕು, ತುತ್ತಿಗೊಮ್ಮೆ ನೀರು ಬೇಕೇ ಎಂದು ಕೇಳಬೇಕು. ಹೊಲಿಗೆಯ ಜಾಗ ಕಿರಿದಾಗಿದ್ದರೆ ಎಂಡೋಸ್ಕೋಪಿಯಲ್ಲಿ ಹಿಗ್ಗಿಸಬಹುದು. ಕರುಳಿನ ತುಂಡು ವರ್ಷಗಳ ಮೇಲೆ ಜೋತುಬಿದ್ದು ಅನ್ನ ಅಲ್ಲೇ ನಿಲ್ಲುವುದುಂಟು. ಕಬ್ಬಿಣದಂಶ, ಬಿ12 ಕಡಿಮೆಯಾಗಿ ರಕ್ತಹೀನತೆಯೂ ಬರಬಹುದು.

ಹದಿನೆಂಟು ದಾಟಿದ ಮೇಲೆ ಮಕ್ಕಳ ಸರ್ಜನ್ ಬಳಿ ಹೋಗುವುದು ನಿಲ್ಲುತ್ತದೆ, ಹೊಸ ವೈದ್ಯರಿಗೆ ಹಳೆಯ ಕಥೆ ತಿಳಿದಿರುವುದಿಲ್ಲ. ಕೆಮ್ಮೆಂದು ಹೋದವರ ಎಕ್ಸ್-ರೇಯಲ್ಲಿ ಎದೆಯೊಳಗಿನ ಜಠರದ ಗಾಳಿ-ನೀರು ಕಂಡರೆ ಕೀವಿನ ಗಡ್ಡೆಯೆಂದು ಭ್ರಮಿಸಬಹುದು. ಡಿಸ್ಚಾರ್ಜ್ ಕಾರ್ಡಿನ ಫೋಟೋ ಮಕ್ಕಳ ಮೊಬೈಲಿನಲ್ಲೂ ಇರಲಿ, ಮನೆಯವರ ಮೊಬೈಲಿನಲ್ಲೂ ಇರಲಿ.