ಕಡತ ಯಾರಪ್ಪನ ಮನೆಯ ಆಸ್ತಿ?



ಅಥಣಿ ತಾಲ್ಲೂಕಿನ ಸತ್ತಿ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕೃಷ್ಣಾ ತೀರದ ಊರು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಈ ಸೀಮೆಯ ಹೊಳೆದಂಡೆಯ ಊರುಗಳು ಕಂಗಾಲಾದವು. ಮನೆ ಕುಸಿದವು, ನಿಂತ ಕಬ್ಬು ಕೊಳೆಯಿತು. ನೀರು ಇಳಿದ ಮೇಲೆ ಸರ್ಕಾರಿ ಸಮೀಕ್ಷೆ ಬಂತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದು ಎ, ಅದಕ್ಕೆ 5 ಲಕ್ಷ ರೂಪಾಯಿ. ಅಲ್ಪಸ್ವಲ್ಪ ಬಿದ್ದದ್ದು ಸಿ, ಅದಕ್ಕೆ 50 ಸಾವಿರ. ಒಂದು ಅಕ್ಷರ ಬದಲಾದರೆ ಒಂದು ಸಂಸಾರದ ಹಣೆಬರಹವೇ ಬದಲು!

ಆ ಅಕ್ಷರ ಬರೆದವರು ಯಾರು? ಯಾವ ದಿನ ಸ್ಥಳಕ್ಕೆ ಬಂದಿದ್ದರು? ಎಷ್ಟು ಗೋಡೆ ಬಿದ್ದಿತ್ತೆಂದು ಬರೆದರು? ಇದೆಲ್ಲ ಕಾಗದದ ಮೇಲಿದೆ. ಕಾಗದ ಕಚೇರಿಯ ಬೀರುವಿನಲ್ಲಿದೆ. ಮನೆ ಕಳೆದುಕೊಂಡವನು ಕೇಳಲು ಹೋದರೆ ಸಿಗುವ ಉತ್ತರ ನಾಡಿನ ಎಲ್ಲ ಕಚೇರಿಗಳಲ್ಲೂ ಒಂದೇ: "ಸಾಹೇಬ್ರು ಇಲ್ಲ, ನಾಳೆ ಬಾ."

ಈ 'ನಾಳೆ ಬಾ'ಗೆ ಮದ್ದು ಇದೆ. 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ಮಾಹಿತಿ ಹಕ್ಕು ಕಾಯ್ದೆ. ದೆಹಲಿ ಕಣ್ಣು ಬಿಡುವ ಮೊದಲೇ, 2000ದಲ್ಲಿಯೇ, ನಮ್ಮ ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು ಎಂಬುದನ್ನೂ ನೆನಪಿಡಿ.

ಈ ಕಾಯ್ದೆಯ 6ನೇ ಕಲಮು ಏನು ಹೇಳುತ್ತದೆ? ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. 1963ರ ರಾಜಭಾಷಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಅಧಿಕೃತ ಭಾಷೆ ಕನ್ನಡ. ಅಂದರೆ ಅಥಣಿಯ ತಾಲ್ಲೂಕು ಕಚೇರಿ ಮಾತ್ರವಲ್ಲ, ಕರ್ನಾಟಕದಲ್ಲಿರುವ ರೈಲ್ವೆ ಕಚೇರಿ, ಅಂಚೆ ಕಚೇರಿ, ರಾಷ್ಟ್ರೀಕೃತ ಬ್ಯಾಂಕು ಕೂಡ ನಿಮ್ಮ ಕನ್ನಡ ಅರ್ಜಿಯನ್ನು ತೆಗೆದುಕೊಳ್ಳಲೇಬೇಕು. "ಹಿಂದಿಯಲ್ಲಿ ಬರೆದು ತನ್ನಿ" ಎನ್ನುವವರ ಮುಖಕ್ಕೆ ಈ ಕಲಮನ್ನು ಹಿಡಿಯಿರಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಲು ನೆರವಾಗುವುದೂ ಅಧಿಕಾರಿಯದೇ ಕರ್ತವ್ಯ.

ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಯಾಕೆ ಬೇಕು ಎಂದು ನಿಮ್ಮನ್ನು ಕೇಳುವಂತಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸಕಾರಣವಿಲ್ಲದೆ ಸತಾಯಿಸಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಆದರೆ ಕೇಳುವ ಬಗೆ ಗೊತ್ತಿರಬೇಕು. "ನಮಗೆ ಯಾಕೆ ಪರಿಹಾರ ಕೊಡಲಿಲ್ಲ?" ಎಂದು ಬರೆದರೆ ಅರ್ಜಿ ತಳ್ಳಿಹೋಗುತ್ತದೆ. "ನಮ್ಮ ಮನೆಯ ಹಾನಿ ಸಮೀಕ್ಷೆಯ ವರದಿ, ಫೋಟೋ, ವರ್ಗ ನಿಗದಿ ಮಾಡಿದ ಆದೇಶ ಇವುಗಳ ದೃಢೀಕೃತ ನಕಲು ಕೊಡಿ" ಎಂದು ಬರೆಯಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜೊತೆಗೆ 4ನೇ ಕಲಮನ್ನೂ ನೆನಪಿಸಿ: ಆಡಳಿತದ ತೀರ್ಮಾನಕ್ಕೆ ಕಾರಣವೇನೆಂದು ಅದರಿಂದ ಬಾಧಿತರಾದವರಿಗೆ ತಿಳಿಸುವುದು ಕಚೇರಿಯ ಹೊಣೆ. ಸಹಾಯಧನ ಯಾರಿಗೆ ಹೋಯಿತೆಂಬ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು, ಅದೂ ಜನರ ಭಾಷೆಯನ್ನು ಗಮನದಲ್ಲಿಟ್ಟು.

ಈ ಹಕ್ಕಿನ ಕತ್ತಿಗೆ ಮೊಂಡು ಹಿಡಿಸುವ ಕೆಲಸವೂ ನಡೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8ನೇ ಕಲಮಿಗೇ ಕೈ ಹಾಕಿತು. ಫಲಾನುಭವಿಗಳ ಪಟ್ಟಿ ಕೇಳಿದರೆ "ಅದು ಖಾಸಗಿ ವಿಚಾರ" ಎನ್ನಲು ಅಧಿಕಾರಿಗೆ ಒಳ್ಳೆಯ ನೆಪ ಸಿಕ್ಕಂತಾಯಿತು. ಎದೆಗುಂದಬೇಡಿ. ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ಕೊಡಬಹುದೆನ್ನುವ 8(2) ಉಪಕಲಮು ಅಲ್ಲೇ ಇದೆ. ಅದನ್ನು ಹೆಸರಿಸಿಯೇ ಅರ್ಜಿ ಬರೆಯಿರಿ.

ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಓದುತ್ತಿರುವ, ದುಡಿಯುತ್ತಿರುವ ತರುಣ ತರುಣಿಯರೇ, ನಾಮಫಲಕದಲ್ಲಿ ಕನ್ನಡ ಇರಲೇಬೇಕು. ಆದರೆ ಫಲಕದ ಹಿಂದಿನ ಬೀರುವಿನಲ್ಲಿ ಏನಿದೆ? ಬಾಗಿಲ ಮೇಲೆ ಕನ್ನಡ ಬರೆಸಿ, ಒಳಗಿನ ಕಡತವನ್ನು ಕನ್ನಡಿಗನಿಂದಲೇ ಬಚ್ಚಿಟ್ಟರೆ ಅದು ಯಾವ ಸೀಮೆಯ ಕನ್ನಡ ಆಡಳಿತ? ಗಡಿಯಲ್ಲಿ ಬಾಳುವ ರೈತನಿಗೆ ಕರ್ನಾಟಕ ತನ್ನದು ಎನ್ನಿಸುವುದು ಭಾಷಣದಿಂದಲ್ಲ, ತನ್ನ ಮನೆಯ ಕಾಗದ ತನ್ನ ಭಾಷೆಯಲ್ಲಿ ಕೇಳಿ ತನ್ನ ಕೈಗೆ ಬಂದಾಗ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಒಯ್ಯಿರಿ. ಅಜ್ಜನ ಪಕ್ಕ ಕೂತು ಒಂದು ಅರ್ಜಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ!