ಹಳದಿ ಬಂದ್ರೆ ಡಿಲೀಟ್ ಒತ್ತೋಕೆ ಮೊದಲು

ಲ್ಯಾಬ್‌ನಲ್ಲಿ ನಮಗೆಲ್ಲ ಒಂದು ಅಭ್ಯಾಸ ಇದೆ. ಕೆಂಪು ಎರರ್ ಬಂದ್ರೆ ಸರ್‌ನ ಕರೀತೀವಿ. ಹಳದಿ ವಾರ್ನಿಂಗ್ ಬಂದ್ರೆ "ಔಟ್‌ಪುಟ್ ಬಂತಲ್ಲ, ಬಿಡು ಗುರು" ಅಂತ ಮುಂದೆ ಹೋಗ್ತೀವಿ. ಇದೇ ಅಭ್ಯಾಸದಿಂದ ನಮ್ಮ ಕನ್ನಡ ಸಂಘದ ಹಳೇ ನಾಟಕಗಳ ವಿಡಿಯೋಗಳೇ ಹೋಗೋದ್ರಲ್ಲಿದ್ವು.

ಆವರಗೆರೆಯ ನಮ್ಮ ರೂಮಿನಲ್ಲಿ ಮೂರು ಹಳೇ ಪಿಸಿ ಸೇರಿಸಿ ಸೆಫ್ ಕ್ಲಸ್ಟರ್ ಮಾಡಿದ್ದೇವೆ. ಹಲವು ಕಂಪ್ಯೂಟರ್‌ಗಳ ಡಿಸ್ಕ್‌ಗಳನ್ನು ಒಂದೇ ದೊಡ್ಡ ಸ್ಟೋರೇಜ್ ಆಗಿ ಬಳಸೋಕೆ ಬಿಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು. ಒಂದೊಂದು ಪಿಸಿ ಒಂದೊಂದು ನೋಡ್, ಪ್ರತಿ ನೋಡ್‌ಗೆ ಎರಡು ಡಿಸ್ಕ್. ಯಾವ ಫೈಲ್ ಹಾಕಿದ್ರೂ ನೋಡ್‌ಗೆ ಒಂದರಂತೆ ಮೂರು ಕಾಪಿ.

ಮೊದಲ ವಾರವೇ "ಹೆಲ್ತ್ ವಾರ್ನ್" ಅಂತ ಹಳದಿ ಬಂತು. ಕಾರಣ ಗಡಿಯಾರ. ನೋಡ್‌ಗಳ ಟೈಮ್‌ನಲ್ಲಿ 0.05 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೂ ಸೆಫ್ ಎಚ್ಚರಿಸುತ್ತೆ. ಫೈಲ್ ಓಪನ್ ಆಗ್ತಿದೆ ತಾನೆ ಅಂತ ಬಿಟ್ಟೆವು. ನೋಡಿ ನೋಡಿ ಹಳದಿಯೇ ಮಾಮೂಲಿ ಬಣ್ಣ ಆಯ್ತು.

ತಪ್ಪಿದ್ದೇ ಇಲ್ಲಿ. ಬಣ್ಣ ಒಂದೇ, ಅದರ ಕೆಳಗೆ ಕಾರಣ ಎಷ್ಟಾದರೂ ಇರಬಹುದು. ಮೂರನೇ ನೋಡ್‌ನ ಒಂದು ಡಿಸ್ಕ್ ಡೌನ್ ಆದಾಗಲೂ ಪರದೆ ಹಳದಿಯೇ ಇತ್ತು, ನಾವು ನೋಡಲಿಲ್ಲ. ಡೌನ್ ಆದ ಡಿಸ್ಕ್ 10 ನಿಮಿಷದಲ್ಲಿ ವಾಪಸ್ ಬರದಿದ್ದರೆ ಸೆಫ್ ಅದನ್ನು "ಔಟ್" ಮಾಡಿ, ಅದರಲ್ಲಿದ್ದ ಕಾಪಿಗಳನ್ನು ಬೇರೆ ಕಡೆ ಮತ್ತೆ ಮಾಡಿಕೊಳ್ಳುತ್ತೆ. ನಮ್ಮದು ನೋಡ್‌ಗೆ ಒಂದು ಕಾಪಿ ಲೆಕ್ಕ, ಹಾಗಾಗಿ ಪೂರ್ತಿ ಭಾರ ಅದೇ ನೋಡ್‌ನ ಇನ್ನೊಂದು ಡಿಸ್ಕ್ ಮೇಲೆ ಬಿತ್ತು. ಔಟ್ ಆದಮೇಲೆ ಆ ಡಿಸ್ಕ್ "ಡೌನ್" ಅನ್ನೋ ಎಚ್ಚರಿಕೆಯೂ ಪಟ್ಟಿಯಿಂದ ಬಿಟ್ಟುಹೋಗುತ್ತೆ.

ಕೊನೆಗೆ ನಾವು ನೋಡಿದಾಗ ಗಡಿಯಾರದ ಜೊತೆ ಇದ್ದದ್ದು "ನಿಯರ್‌ಫುಲ್", ಅಂದ್ರೆ ಡಿಸ್ಕ್ 85% ದಾಟಿದೆ. 95% ಆದ್ರೆ ಬರೆಯೋದೇ ನಿಲ್ಲುತ್ತೆ. "ಜಾಗ ಇಲ್ಲ, ಹಳೇ ವಿಡಿಯೋ ತೆಗೆಯೋಣ" ಅಂತ ನಮ್ಮಲ್ಲೇ ಒಬ್ಬ ಸೆಲೆಕ್ಟ್ ಮಾಡೋಕೆ ಶುರು ಮಾಡಿದ್ದ. ಮೂರು ಕಾಪಿ ಇದೆಯಲ್ಲ ಅನ್ನೋ ಧೈರ್ಯ ಬೇರೆ! ಆದ್ರೆ ಮೂರು ಕಾಪಿ ಅಂದ್ರೆ ಬ್ಯಾಕಪ್ ಅಲ್ಲ. ಡಿಲೀಟ್ ಮಾಡಿದ್ರೆ ಮೂರೂ ಹೋಗ್ತವೆ.

ದಾವಣಗೆರೆಯಲ್ಲಿ ನಲ್ಲಿ ನೀರು ಬರಲಿಲ್ಲ ಅಂದ್ರೆ ಯಾರಾದ್ರೂ ನಲ್ಲಿ ಬದಲಾಯಿಸ್ತಾರಾ? ಪೈಪ್, ಟ್ಯಾಂಕ್, ಕುಂದವಾಡ ಕೆರೆ, ಭದ್ರಾ ನಾಲೆ ಅಂತ ಹಿಂದೆ ಹಿಂದೆ ಹೋಗಿ ಕೇಳ್ತೀವಿ. ಅಂದು ನಾವೂ ಹಾಗೇ ಹಿಂದೆ ಹೋದೆವು. "ಸೆಫ್ ಹೆಲ್ತ್ ಡೀಟೇಲ್" ಯಾವ ಡಿಸ್ಕ್ ತುಂಬಿದೆ ಅಂತ ಹೇಳಿತು. "ಸೆಫ್ ಓಎಸ್‌ಡಿ ಟ್ರೀ" ಅದರ ಪಕ್ಕದ ಡಿಸ್ಕ್ ಡೌನ್ ಅಂತ ತೋರಿಸಿತು. ಆ ನೋಡ್‌ನಲ್ಲೇ ಕೂತು ಸ್ಮಾರ್ಟ್ ರಿಪೋರ್ಟ್ ತೆಗೆದ್ರೆ ಕೆಟ್ಟ ಸೆಕ್ಟರ್ ಒಂದೂ ಇಲ್ಲ, ಸಿಆರ್‌ಸಿ ಎರರ್ ಮಾತ್ರ ಏರುತ್ತಿತ್ತು. ಅಂದ್ರೆ ಡಿಸ್ಕ್ ಸರಿ ಇದೆ, ಬೋರ್ಡ್‌ಗೂ ಡಿಸ್ಕ್‌ಗೂ ನಡುವಿನ ದಾರಿಯಲ್ಲಿ ತೊಂದರೆ. ಸಾಟಾ ಕೇಬಲ್ ಬದಲಾಯಿಸಿದೆವು, ಡಿಸ್ಕ್ ವಾಪಸ್ ಬಂತು, ಜಾಗವೂ ಬಂತು. ಟೈಮ್ ಸರಿಮಾಡೋ ಕ್ರೋನಿ ಸರ್ವಿಸನ್ನೂ ಆನ್ ಮಾಡಿದೆವು. ಹಸಿರು.

"ರೀಸ್ಟಾರ್ಟ್ ಮಾಡಿದ್ರೆ ಆಗ್ತಿತ್ತಲ್ವಾ" ಅಂತ ಫ್ರೆಂಡ್ಸ್ ಕೇಳ್ತಾರೆ. ಕೆಲವೊಮ್ಮೆ ಆಗುತ್ತೆ. ಆದ್ರೆ ಒಂದು ನೋಡ್ ಬಿದ್ದಿರುವಾಗ ಗೊತ್ತಿಲ್ಲದೆ ಇನ್ನೊಂದನ್ನು ರೀಸ್ಟಾರ್ಟ್ ಮಾಡಿದ್ರೆ ಉಳಿಯೋದು ಒಂದೇ ಕಾಪಿ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕನಿಷ್ಠ ಎರಡು ಕಾಪಿ ಇಲ್ಲದಿದ್ದರೆ ಸೆಫ್ ಓದೋದು ಬರೆಯೋದು ಎರಡನ್ನೂ ನಿಲ್ಲಿಸುತ್ತೆ.

ನಮ್ಮ ಅಭಿಪ್ರಾಯ ಇಷ್ಟು. ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಔಟ್‌ಪುಟ್‌ಗೆ ಪುಟ ಇದೆ, ವಾರ್ನಿಂಗ್‌ಗೆ ಇಲ್ಲ. ಸೆಮಿಸ್ಟರ್‌ನಲ್ಲಿ ಒಂದೇ ಒಂದು ಲ್ಯಾಬ್ ಹೀಗಿರಲಿ: ಓಡುತ್ತಿರೋ ಸಿಸ್ಟಮ್‌ನ ಒಂದು ಕೇಬಲ್ ಸಡಿಲ ಮಾಡಿ, ಏನಾಗಿದೆ ಅಂತ ಕಂಡುಹಿಡಿಯೋಕೆ ಹೇಳಲಿ. ಮಾರ್ಕ್ಸ್ ಸರಿಮಾಡಿದ್ದಕ್ಕಲ್ಲ, ಯಾವ ಕ್ರಮದಲ್ಲಿ ಹುಡುಕಿದೆವು ಅನ್ನೋದಕ್ಕೆ ಕೊಡಲಿ. ಅಲ್ಲಿವರೆಗೆ ನಾವೇ ಒಂದು ರೂಲ್ ಮಾಡ್ಕೊಳ್ಳೋಣ: ಚಿಕ್ಕ ಹಳದಿಯನ್ನೂ ಹಾಗೇ ಬಿಟ್ಟು ಮಲಗೋದು ಬೇಡ. ದೊಡ್ಡದು ಬಂದು ಅದರ ಹಿಂದೆ ಕೂತ್ರೆ ಗೊತ್ತೇ ಆಗಲ್ಲ.