ಐವತ್ತೊಂದನೇ ಕುರ್ತಾ

ನಮ್ಮ ಸಿಂಗಾಪುರಕ್ಕೆ ಬರೋಕೆ ವಿಮಾನ ಬೇಡ, ವೀಸಾನೂ ಬೇಡ. ವಿದ್ಯಾರಣ್ಯಪುರದಿಂದ ಸ್ವಲ್ಪ ಮುಂದೆ ಬಂದ್ರೆ ಸಾಕು. ಇಲ್ಲಿ ನಮ್ಮ ಎದುರುಮನೆ ಅಕ್ಕ ಮೊದಲು ಗಾರ್ಮೆಂಟ್ಸ್‌ನಲ್ಲಿದ್ದವರು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು, ಮನೆ ಕೆಳಗಿನ ಕಾರ್ ಶೆಡ್ಡಿನಲ್ಲಿ ಮೂರು ಮಷೀನು ಹಾಕ್ಕೊಂಡು ಕುರ್ತಾ ಹೊಲಿಯೋಕೆ ಶುರು ಮಾಡಿದರು. ಅವರ ಕುರ್ತಾದ ವಿಶೇಷ ಅಂದ್ರೆ ಬಾರ್ಡರು. ಚುಕ್ಕಿ ರಂಗೋಲಿಯ ಜಾಡು ಹಿಡಿದು ಅವರೇ ಬಿಡಿಸಿದ್ದು. ಅದನ್ನ ಸ್ಕ್ರೀನ್ ಮಾಡಿಸಿ ಪ್ರಿಂಟ್ ಹಾಕಿಸ್ತಾರೆ.

ಕಳೆದ ದೀಪಾವಳಿ ಹೊತ್ತಿಗೆ ಅದೇ ಬಾರ್ಡರು, ಅದೇ ಬಣ್ಣ, ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಧ ಬೆಲೆಗೆ ಕಾಣಿಸಿಕೊಂಡಿತು! "ಇದು ನಂದೇ ಕಣೋ. ಈ ಮೂಲೇಲಿ ನಾನು ಒಂದು ಚುಕ್ಕಿ ತಪ್ಪಿಸಿದ್ದೆ, ಆ ತಪ್ಪೂ ಹಾಗೇ ಬಂದಿದೆ ನೋಡು" ಅಂದ್ರು ಅಕ್ಕ.

ಗೊತ್ತಿದ್ದ ವಕೀಲರ ಹತ್ರ ಕರಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಇಂಥದ್ದು ಎಷ್ಟು ಪೀಸ್ ಮಾಡಿದ್ದೀರಮ್ಮಾ?" ಅಕ್ಕ ಹೆಮ್ಮೆಯಿಂದ "ಮುನ್ನೂರರ ಮೇಲಾಯ್ತು ಸಾರ್" ಅಂದ್ರು. ವಕೀಲರು ಪೆನ್ನು ಕೆಳಗಿಟ್ಟರು.

ವಿಷಯ ಇಷ್ಟೇ. 1957ರ ಕಾಪಿರೈಟ್ ಕಾಯ್ದೆಯಲ್ಲಿ 15ನೇ ಸೆಕ್ಷನ್ ಅಂತ ಒಂದಿದೆ. ಡಿಸೈನ್ ಅಂತ ನೋಂದಾಯಿಸಬಹುದಾದ ವಿನ್ಯಾಸವನ್ನ ನೋಂದಾಯಿಸದೆ, ಮಾಲೀಕರೇ ಆಗಲಿ ಅವರ ಒಪ್ಪಿಗೆ ಪಡೆದವರೇ ಆಗಲಿ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕಾಪಿರೈಟ್ ಅಲ್ಲಿಗೆ ಮುಗೀತು. ಅಂದ್ರೆ ಅಕ್ಕ ಐವತ್ತೊಂದನೇ ಕುರ್ತಾ ಮಡಿಚಿಟ್ಟ ದಿನ ಅವರ ಹಕ್ಕೂ ಮಡಿಚಿಕೊಂಡು ಹೋಯ್ತು. ವ್ಯಾಪಾರ ಕುದುರಿತು ಅಂತ ಅವತ್ತು ಅವರು ನಮ್ಮನೆಗೆ ಮೈಸೂರ್ ಪಾಕ್ ಕೊಟ್ಟಿದ್ದರೂ ಕೊಟ್ಟಿರಬಹುದು!

ಸರಿ, ಈಗ ನೋಂದಾಯಿಸೋಣ ಅಂದ್ರೆ ಅದೂ ಆಗಲ್ಲ. 2000ದ ಡಿಸೈನ್ ಕಾಯ್ದೆ ಪ್ರಕಾರ ಅರ್ಜಿ ಹಾಕುವ ಮೊದಲು ಅದು ಎಲ್ಲೂ ಪ್ರಕಟವಾಗಿರಬಾರದು. ಅಕ್ಕ ಪ್ರತಿಯೊಂದು ಹೊಸ ಪೀಸಿನ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿದ್ದಾರೆ. ಹಾಕದೆ ಮಾರೋದು ಹೇಗೆ ಸ್ವಾಮಿ?

ದೊಡ್ಡವರೂ ಇಲ್ಲಿ ಎಡವಿದ್ದಾರೆ. ರಿತು ಕುಮಾರ್ ಬ್ರ್ಯಾಂಡಿನ ರಿತಿಕಾ ಕಂಪನಿ ಬೀಬಾ ಕಂಪನಿ ಮೇಲೆ ಹಾಕಿದ ಕೇಸು 2016ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಬಿದ್ದುಹೋಗಿದ್ದು ಇದೇ ಸೆಕ್ಷನ್‌ನಿಂದ. ಯಾವುದು ಕಲಾಕೃತಿ, ಯಾವುದು ಡಿಸೈನ್ ಅಂತ ಅಳೆಯೋಕೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ಹಂತದ ಪರೀಕ್ಷೆ ಹೇಳಿದೆ, ನಿಜ. ಆದರೆ ಮುನ್ನೂರು ಕುರ್ತಾ ಲಾಭದಲ್ಲಿ ಆ ವಾದವನ್ನ ಎಷ್ಟು ದಿನ ನಡೆಸೋದು?

ಕಾನೂನು ದಡ್ಡತನದ್ದು ಅಂತ ನಾನು ಹೇಳ್ತಿಲ್ಲ. ಕಾಪಿರೈಟ್ ಅಂದ್ರೆ ಬರೆದವರ ಜೀವಮಾನ, ಅದರ ಮೇಲೆ 60 ವರ್ಷ. ಒಂದು ಬಾರ್ಡರಿಗೆ ಅಷ್ಟು ಕಾಲ ಬೇಲಿ ಹಾಕಿದರೆ ಬೇರೆಯವರು ಬಟ್ಟೆ ಹೊಲಿಯೋ ಹಾಗೇ ಇಲ್ಲ. ಅದಕ್ಕೇ ಡಿಸೈನಿಗೆ 10 ವರ್ಷ, ಬೇಕಾದ್ರೆ ಇನ್ನು 5. ಅಕ್ಕನಂಥ ಒಬ್ಬರಿಗೆ ಅರ್ಜಿ ಶುಲ್ಕ 1000 ರೂಪಾಯಿ, ಆನ್‌ಲೈನಲ್ಲೇ ಹಾಕಬಹುದು. ನ್ಯಾಯವಾಗೇ ಇದೆ. ನನ್ನ ತಕರಾರು ಬೇರೆ: ಇದನ್ನ ಅಕ್ಕನಿಗೆ ಯಾರು ಹೇಳಬೇಕಿತ್ತು?

ಕೊಡಬೇಕಾದ್ದರ ವಿಷಯ ಎಲ್ಲರೂ ಹೇಳ್ತಾರೆ. ರಾಜ್ಯದ ಒಳಗೆ ಬಟ್ಟೆ ಮಾರಿದರೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಹೊಸೂರಿಗೆ ಒಂದು ಕುರ್ತಾ ಮಾರಿ ಕೊರಿಯರ್ ಮಾಡಿದ್ರೂ ಬೇಕು ಅಂತ ಆಡಿಟರ್ ಹೇಳಿದ್ರು. ಪ್ಯಾಕೆಟ್ ಮೇಲೆ ಎಂಆರ್‌ಪಿ, ವಿಳಾಸ, ಅಳತೆ ಇರಬೇಕು ಅಂತ ಲೇಬಲ್ ಪ್ರಿಂಟ್ ಮಾಡುವವನೇ ಹೇಳಿದ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದ್ದು ನಿಮಗೇ ಗೊತ್ತು. ಕೇಳೋಕೆ ಕಾನೂನು ಮನೆ ಬಾಗಿಲಿಗೇ ಬರುತ್ತೆ. ಕೊಡೋದನ್ನ ಮಾತ್ರ ನಾವೇ ಹುಡುಕ್ಕೊಂಡು ಹೋಗಬೇಕು. ತಡವಾಗಿ ಹೋದ್ರೆ ಬಾಗಿಲು ಹಾಕಿರುತ್ತೆ.

ಹುಡುಕ್ಕೊಂಡು ಹೋದ್ರೂ ಕನ್ನಡದಲ್ಲಿ ಮಾತಾಡಿಸಲ್ಲ. ಬಾರ್ಡರ್ ಹೋದರೂ ಹೆಸರಾದ್ರೂ ಉಳೀಲಿ ಅಂತ ಅಕ್ಕ ಈಗ ಟ್ರೇಡ್‌ಮಾರ್ಕಿಗೆ ಹಾಕ್ತಿದ್ದಾರೆ. ಬಟ್ಟೆ 25ನೇ ವರ್ಗಕ್ಕೆ ಬರುತ್ತೆ, ಆನ್‌ಲೈನಲ್ಲಿ 4500 ರೂಪಾಯಿ. ಅವರ ಬ್ರ್ಯಾಂಡ್ ಹೆಸರು ಅಚ್ಚಗನ್ನಡ, ಕನ್ನಡ ಲಿಪಿ. ನಿಯಮ ಏನು ಗೊತ್ತಾ? ಆ ಹೆಸರಿನ ಉಚ್ಚಾರಣೆ, ಅರ್ಥ ಎರಡನ್ನೂ ಇಂಗ್ಲಿಷಲ್ಲೋ ಹಿಂದೀಲೋ ಬರೆದುಕೊಡಬೇಕು. ಸಿಂಗಾಪುರದಲ್ಲಿ ಹೊಲಿದು ಯಲಹಂಕದಲ್ಲಿ ಮಾರೋ ಕನ್ನಡದ ಹೆಸರಿಗೆ ಇದು ಬೇಕಾ?

ನಾನು ಕೇಳೋದು ಎರಡು. ಒಂದು, ಉದ್ಯಮ ನೋಂದಣಿ ಮಾಡಿಸಿದ ದಿನವೇ ಕನ್ನಡದಲ್ಲಿ ಒಂದು ಪುಟದ ಕಾಗದ ಕೈಗೆ ಕೊಡಲಿ: "ತೋರಿಸುವ ಮೊದಲು ಡಿಸೈನ್ ನೋಂದಾಯಿಸಿ." ಎರಡು, ಯುರೋಪಿನಲ್ಲಿ ನೋಂದಾಯಿಸದ ಡಿಸೈನಿಗೂ ಜನಕ್ಕೆ ತೋರಿಸಿದ ದಿನದಿಂದ ಮೂರು ವರ್ಷ ನಕಲಿನಿಂದ ರಕ್ಷಣೆ ಇದೆ. ನಮಗೂ ಅಂಥದ್ದೊಂದು ಬರಲಿ. ಬಟ್ಟೆ ಫ್ಯಾಷನ್ನಿನ ಆಯಸ್ಸಿಗೆ ಮೂರು ವರ್ಷ ಧಾರಾಳ ಆಯ್ತು.

ಅಕ್ಕ ಹೊಸ ಬಾರ್ಡರ್ ಬಿಡಿಸಿದ್ದಾರೆ. ನೋಡೋಣ ಅಂತ ಹೋದ್ರೆ ಪುಸ್ತಕ ಮುಚ್ಚಿಬಿಟ್ಟರು. "ಅರ್ಜಿ ಹಾಕೋ ತನಕ ನಿನಗೂ ತೋರ್ಸಲ್ಲ ಹೋಗೋ" ಅಂದ್ರು. ನನಗೇನೂ ಬೇಜಾರಾಗಲಿಲ್ಲ.